ಬಿ.ಎ. ಪತ್ರಿಕೋದ್ಯಮ ಮುಗೀತು. ಎಂ.ಎ.ಗೆ ಸೇರಲಾ, ಬಿ.ಇಡಿ. ಮಾಡಲಾ?

ತುಂಗಭದ್ರೆ_ಹುಡುಗಿ
ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆ, ಸಿಂಧನೂರು ಕಡೆಯವಳು. ಈ ವರ್ಷ ಬಿ.ಎ. ಮುಗಿಸಿದೆ. ಪತ್ರಿಕೋದ್ಯಮ ಮತ್ತು ಐಚ್ಛಿಕ ಕನ್ನಡ. ನನಗೆ ಸಮೂಹ ಸಂವಹನದಲ್ಲಿ ಎಂ.ಎ. ಮಾಡುವ ಆಸೆ. ಅಪ್ಪ ಮಾತ್ರ ಬಿ.ಇಡಿ. ಮಾಡು ಅಂತ ಹಟ ಹಿಡಿದಿದ್ದಾರೆ. "ರಾತ್ರಿ ಹನ್ನೊಂದಕ್ಕೆ ಮನಿಗೆ ಬರೋದು ಅದೆಂಥ ಕೆಲ್ಸ" ಅನ್ನುತ್ತಾರೆ.

ನಿಜ ಹೇಳಬೇಕೆಂದರೆ ನನಗೂ ಅನುಮಾನ ಇದೆ. ಸಂವಹನ ಹೇಗೆ ನಡೆಯುತ್ತೆ ಅಂತ ಹೇಳುವ ಲಾಸ್‌ವೆಲ್ ಮಾದರಿ, ಶಾನನ್-ವೀವರ್ ಮಾದರಿ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ನಮ್ಮೂರ ಪಂಚಾಯ್ತಿ ಸಭೆಗೆ ಹೋಗಿ ಒಂದು ವರದಿ ಬರೆದುಕೊಂಡು ಬಾ ಅಂದರೆ ಕೈ ನಡುಗುತ್ತೆ. ಕಾಲೇಜಿನ ಕ್ಯಾಮೆರಾವನ್ನು ಮೂರು ವರ್ಷದಲ್ಲಿ ಎರಡೇ ಸಲ ನೋಡಿದ್ದು. ಎರಡೂ ಸಲ ಆಯುಧಪೂಜೆ ದಿನ, ಕುಂಕುಮ ಹಚ್ಚಿಸಿಕೊಂಡು ಮೇಜಿನ ಮೇಲೆ ಕೂತಿತ್ತು. ಎಂ.ಎ.ಯಲ್ಲೂ ಇದೇ ಕಥೆನಾ? ಓದಿದವರು, ಕೆಲಸದಲ್ಲಿ ಇರುವವರು ಹೇಳಿ.

ಡೆಸ್ಕ್_ಮಾಮ
ಕ್ಯಾಮೆರಾ ನಿಮಗೆ ದರ್ಶನವಾದರೂ ಕೊಟ್ಟಿದೆ. ನಮ್ಮ ಕಾಲದಲ್ಲಿ ಅದರ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂತ ಐದು ಮಾರ್ಕಿನ ಪ್ರಶ್ನೆ ಇತ್ತು.

ಬೈಕ್_ಮೇಲೆ_ಪ್ರೆಸ್
ಸೇರಬೇಡಿ. ಅಷ್ಟೇ. ನಾನು ಎಂ.ಎ. ಮಾಡಿ ಒಂದು ಚಾನೆಲ್‌ಗೆ ಸೇರಿದೆ. ಮೊದಲ ಮೂರು ತಿಂಗಳು ಸಂಬಳವೇ ಇಲ್ಲ, 'ಕಲಿಕೆ' ಅಂದರು. ಆಮೇಲೆ 12 ಸಾವಿರ. ಬೆಂಗಳೂರಿನಲ್ಲಿ ಪಿಜಿಗೆ ಏಳು, ಊಟಕ್ಕೆ ಮೂರು. ಅಪ್ಪನಿಂದಲೇ ದುಡ್ಡು ತರಿಸಿಕೊಂಡು ಕೆಲಸ ಮಾಡಿದ ಪುಣ್ಯಾತ್ಮ ನಾನು. ನಿಮ್ಮ ತಂದೆ ಹೇಳೋದು ಸರಿ ಇದೆ.

ಪಿಆರ್_ಪುಟ್ಟಿ
ಒಂದು ಚಾನೆಲ್ ಅನುಭವ ಇಟ್ಟುಕೊಂಡು ಇಡೀ ವಿಷಯಕ್ಕೇ ಬೀಗ ಹಾಕಬೇಡಿ. ಸಂವಹನ ಓದಿದವರೆಲ್ಲ ಮೈಕ್ ಹಿಡಿಯಬೇಕು ಅಂತ ಎಲ್ಲಿದೆ? ನಮ್ಮ ಬ್ಯಾಚಿನಲ್ಲಿ 22 ಜನ ಇದ್ದೆವು. ಈಗ ಸುದ್ದಿಮನೆಯಲ್ಲಿ ಇರುವವರು ನಾಲ್ಕೇ ಜನ. ಉಳಿದವರು ಪಿಆರ್ (ಸಾರ್ವಜನಿಕ ಸಂಪರ್ಕ), ಜಾಹೀರಾತು, ಎನ್‌ಜಿಒ, ಸಬ್‌ಟೈಟಲ್, ಒಬ್ಬಳು ಆಸ್ಪತ್ರೆಯ ಸಂವಹನ ವಿಭಾಗ. ನಾನು ದಿನವಿಡೀ ಇಂಗ್ಲಿಷ್ ಪ್ರಕಟಣೆಗಳನ್ನು ಕನ್ನಡಕ್ಕೆ ತರುತ್ತೇನೆ. ಸರಿಯಾಗಿ ಕನ್ನಡ ಬರೆಯುವವರು ಸಿಗಲ್ಲ ಅನ್ನೋದೇ ನಮ್ಮ ಆಫೀಸಿನ ದೊಡ್ಡ ಗೋಳು. ಐಚ್ಛಿಕ ಕನ್ನಡ ಓದಿದವಳಿಗೆ ಅದೇ ಬಂಡವಾಳ.

ಬೈಕ್_ಮೇಲೆ_ಪ್ರೆಸ್
ಕನ್ನಡಕ್ಕೆ ತರುವ ಕೆಲಸ ಇನ್ನೆಷ್ಟು ದಿನ? ಈಗ ಯಂತ್ರವೇ ಮಾಡುತ್ತೆ.

ಪಿಆರ್_ಪುಟ್ಟಿ
ಮಾಡುತ್ತೆ. ಇಂಗ್ಲಿಷಿನ 'ಫೈರ್ಡ್', ಅಂದರೆ ಕೆಲಸದಿಂದ ತೆಗೆದರು ಅನ್ನೋದನ್ನು 'ಉದ್ಯೋಗಿಗಳಿಗೆ ಬೆಂಕಿ ಹಚ್ಚಿದ ಸಂಸ್ಥೆ' ಅಂತ ಮಾಡಿಕೊಟ್ಟಿತ್ತು ಒಂದು ಸಲ. ನಾನು ನೋಡದೇ ಹೋಗಿದ್ದರೆ ಹಾಗೇ ಹೋಗುತ್ತಿತ್ತು.

ಸ್ವಂತ_ಬುದ್ಧಿ
ಪತ್ರಿಕೋದ್ಯಮ ಕಾಲೇಜಿನಲ್ಲಿ ಕಲಿಯೋ ವಿದ್ಯೆಯೇ ಅಲ್ಲ. ಅಷ್ಟು ದೊಡ್ಡ ಪತ್ರಕರ್ತ ಡಿವಿಜಿ ಯಾವ ಎಂ.ಎ. ಮಾಡಿದ್ದರು? ಮೆಟ್ರಿಕ್ ಕೂಡ ದಾಟಿರಲಿಲ್ಲ.

ಗಂಗೋತ್ರಿ_ಹಳೇಬ್ಯಾಚ್
ಈ ಮಾತು ಬರದೆ ಯಾವ ಚರ್ಚೆಯೂ ಮುಗಿಯಲ್ಲ ಅಲ್ವಾ. ಡಿವಿಜಿ ಮೆಟ್ರಿಕ್ ದಾಟದೆ ಓದಿದ್ದರಲ್ಲಿ ನೂರರಲ್ಲಿ ಒಂದು ಪಾಲನ್ನು ನಾವು ಡಿಗ್ರಿ ಮಾಡಿ ಓದಿದ್ದರೆ ಹೇಳಿ, ಒಪ್ಪುತ್ತೇನೆ.

ಇನ್ನೊಂದು. ನಮ್ಮ ರಾಜ್ಯದಲ್ಲಿ ಇದು ನಿನ್ನೆ ಮೊನ್ನೆ ಬಂದ ವಿಷಯ ಅಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲೇ ಪತ್ರಿಕೋದ್ಯಮ ಶುರುವಾಯಿತು. ನಾಡಿಗ ಕೃಷ್ಣಮೂರ್ತಿಯವರು ಕಟ್ಟಿದ ವಿಭಾಗ. ಇಡೀ ದೇಶದಲ್ಲೇ ಮೊದಲು.

ಮಾಸ್ತರ_ಮಗ
ದೇಶದಲ್ಲೇ ಮೊದಲು ಅಲ್ಲ ಸಾರ್. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯ 1941ರಲ್ಲೇ ಶುರು ಮಾಡಿತ್ತು. ಮೈಸೂರಿನ ಹೆಚ್ಚುಗಾರಿಕೆ ಬೇರೆ. ಬಿ.ಎ.ಗೆ ಇತಿಹಾಸ, ಅರ್ಥಶಾಸ್ತ್ರದ ಹಾಗೆ ಪತ್ರಿಕೋದ್ಯಮವನ್ನೂ ಒಂದು ವಿಷಯವಾಗಿ ಇಟ್ಟರು. ಅದಕ್ಕೇ ಇವತ್ತು ತಾಲ್ಲೂಕು ಕಾಲೇಜಿನಲ್ಲೂ ಅದು ಸಿಗುತ್ತಿದೆ.

ಗಂಗೋತ್ರಿ_ಹಳೇಬ್ಯಾಚ್
ಸರಿ ಸರಿ, ಲಾಹೋರ್ ಒಪ್ಪಿದೆ. ಆದರೆ 'ಆಕಾಶವಾಣಿ' ಅನ್ನೋ ಹೆಸರು ನಮ್ಮದೇ, ಅದರಲ್ಲಿ ತಕರಾರು ತೆಗೆಯಬೇಡಿ. ಅದೇ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಶುರು ಮಾಡಿದರು. 30 ವ್ಯಾಟ್ ಅಂದರೆ ಗೊತ್ತಲ್ಲ, ಒಂದು ಮಂಕು ಬಲ್ಬಿನಷ್ಟು.

ಕರಾವಳಿ_ಕಾಗೆ
ಹೆಸರು ಇಟ್ಟಿದ್ದು ಠಾಗೋರ್ ಅಲ್ವಾ?

ಗಂಗೋತ್ರಿ_ಹಳೇಬ್ಯಾಚ್
ಆ ಪದ ಇರುವ ಠಾಗೋರರ ಪದ್ಯ ಆಮೇಲೆ ಬಂದದ್ದು. ಮೈಸೂರಿನ ರೇಡಿಯೋಗೆ ಈ ಹೆಸರು ಸೂಚಿಸಿದವರು ಸಾಹಿತಿ ನಾ. ಕಸ್ತೂರಿ.

ಕರಾವಳಿ_ಕಾಗೆ
ಹಾಗಾದರೆ ನಮ್ಮದೂ ಒಂದು ಇರಲಿ. ಕನ್ನಡದ ಮೊದಲ ಪತ್ರಿಕೆ ಮಂಗಳೂರಿನದು. 1843ರ ಜುಲೈ 1, ಮಂಗಳೂರ ಸಮಾಚಾರ, ಬಾಸೆಲ್ ಮಿಷನ್ನಿನ ಮೋಗ್ಲಿಂಗ್. ಅಚ್ಚುಮೊಳೆ ಕೂಡ ಇರಲಿಲ್ಲ, ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚೊತ್ತೋದು. ಅದಕ್ಕೇ ಜುಲೈ 1ಕ್ಕೆ ಪತ್ರಿಕಾ ದಿನ.

ಬೈಕ್_ಮೇಲೆ_ಪ್ರೆಸ್
ಆ ದಿನ ನಮಗೆ ಶಾಲು, ಹಾರ, ಮಧ್ಯಾಹ್ನ ಊಟ. ಸಂಬಳ ಮಾತ್ರ ಕಲ್ಲಚ್ಚಿನ ಕಾಲದ್ದು.

ಡೆಸ್ಕ್_ಮಾಮ
😂

ಡೆಸ್ಕ್_ಮಾಮ
ಹುಡುಗಿ ಕೇಳಿದ್ದು ಒಂದು, ನೀವೆಲ್ಲ ಹೇಳುತ್ತಿರೋದು ಇನ್ನೊಂದು. ನಾನು 23 ವರ್ಷ ಪತ್ರಿಕೆಯ ಡೆಸ್ಕಿನಲ್ಲಿ, ಅಂದರೆ ಸುದ್ದಿ ತಿದ್ದುವ ಕಡೆ ಕೂತವನು. ಪ್ರತಿ ವರ್ಷ ಹೊಸಬರು ಬರುತ್ತಾರೆ. ಎಂ.ಎ. ಮಾಡಿ ಬಂದವರಿಗೂ ಸುಮ್ನೆ ಬಂದವರಿಗೂ ಮೊದಲ ತಿಂಗಳು ವ್ಯತ್ಯಾಸ ಕಾಣಲ್ಲ. ಇಬ್ಬರೂ ಒಂದೇ ತಪ್ಪು ಮಾಡುತ್ತಾರೆ.

ಒಂದು ಉದಾಹರಣೆ. ಚಿನ್ನದ ಪದಕ ತಗೊಂಡು ಬಂದ ಹುಡುಗ. ಅಪಘಾತದ ಸುದ್ದಿ ಕೊಟ್ಟೆ, ಐದು ಸಾಲು. ಅವನು ಬರೆದದ್ದು: "ಡಿಕ್ಕಿಯ ರಭಸಕ್ಕೆ ಮೃತರು ಸ್ಥಳದಲ್ಲೇ ಸಾವನ್ನಪ್ಪಿದ್ದಾರೆ." ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ, "ಮೃತರು ಇನ್ನೊಂದು ಸಲ ಹೇಗಪ್ಪಾ ಸತ್ತರು?" ಪಾಪ, ಎರಡು ನಿಮಿಷ ಪರದೆ ನೋಡಿದ. 'ಮೃತರು' ಅಳಿಸಿ 'ಬೈಕ್ ಸವಾರ' ಅಂತ ಹಾಕಿದ. "ಸವಾರನಿಗೆ ಹೆಸರಿಲ್ವಾ?" ಅಂದೆ. ನಾಲ್ಕನೇ ಸಾಲಿನಲ್ಲಿ ಇತ್ತು, ಮೇಲೆ ತಂದ. "ಊರು?" ಅದು ಇರಲೇ ಇಲ್ಲ. ಠಾಣೆಗೆ ಫೋನ್ ಮಾಡಿ ತಗೊಂಡ. ಆಮೇಲೆ ನೋಡಿದರೆ ಆ ಊರು ಅವನ ಅಜ್ಜಿ ಊರಿನ ಪಕ್ಕದ್ದಂತೆ. ಆವತ್ತಿನಿಂದ ಅವನು ಹೆಸರು, ವಯಸ್ಸು, ಊರು ಇಲ್ಲದ ಒಂದು ಸುದ್ದಿಯನ್ನೂ ಬರೆದು ಕೊಟ್ಟಿಲ್ಲ.

ಆದರೆ ಆರು ತಿಂಗಳ ಮೇಲೆ ವ್ಯತ್ಯಾಸ ಕಾಣುತ್ತೆ. ಕಾನೂನು ಪೇಪರ್ ಗಮನ ಇಟ್ಟು ಓದಿದವನು ಕೋರ್ಟ್ ಸುದ್ದಿಗೆ ಹೆದರಲ್ಲ. ಆರೋಪಿಗೂ ಅಪರಾಧಿಗೂ ವ್ಯತ್ಯಾಸ ಗೊತ್ತಿರುತ್ತೆ. ಓದದವನು ನಮ್ಮನ್ನೆಲ್ಲ ಕೋರ್ಟಿಗೆ ಹತ್ತಿಸುತ್ತಾನೆ.

ಮಾಸ್ತರ_ಮಗ
'ಸಾವನ್ನಪ್ಪಿದರು' ಅನ್ನೋದೇ ತಪ್ಪು. ಸಾವನ್ನು ಯಾರಾದರೂ ಹೋಗಿ ಅಪ್ಪಿಕೊಳ್ಳುತ್ತಾರಾ? ಸತ್ತರು ಅನ್ನಿ.

ಡೆಸ್ಕ್_ಮಾಮ
ಮನೆಯವರು ಓದುತ್ತಾರೆ. 'ಸತ್ತರು' ಅಂತ ಹಾಕಿದರೆ ಬೆಳಿಗ್ಗೆ ಫೋನ್ ಬರುತ್ತೆ, ನಮ್ಮ ಅಪ್ಪ ಏನು ನಾಯಿನಾ ಅಂತ. 'ಮೃತಪಟ್ಟರು' ಹಾಕುತ್ತೇವೆ.

ಮಾಸ್ತರ_ಮಗ
'ತೀರಿಕೊಂಡರು' ಇದೆಯಲ್ಲ.

ಕರಾವಳಿ_ಕಾಗೆ
ಲಾರಿ ಹಾದು ಹೋದವನಿಗೆ ತೀರಿಕೊಂಡರು ಅನ್ನೋಕಾಗುತ್ತಾ? ಅದು ಮಂಚದ ಮೇಲೆ ಹೋದವರಿಗೆ.

ತಾಲ್ಲೂಕು_ಸುದ್ದಿಗಾರ
ನಾನು ಸ್ವಲ್ಪ ಕಹಿ ಹೇಳುತ್ತೇನೆ, ಬೇಜಾರಾಗಬೇಡಿ. ಒಂದು ತಾಲ್ಲೂಕಿನಲ್ಲಿ ಬಿಡಿ ಸುದ್ದಿಗಾರ ನಾನು. ಸಂಬಳ ಇಲ್ಲ, ಅಚ್ಚಾದಷ್ಟಕ್ಕೆ ಗೌರವಧನ. ಅದು ನನ್ನ ಪೆಟ್ರೋಲ್‌ಗೆ ಸಾಕಾಗಲ್ಲ. ದೀಪಾವಳಿ ಬಂದರೆ ಜಾಹೀರಾತಿಗೆ ಟಾರ್ಗೆಟ್. ಯಾರ ಬಗ್ಗೆ ಬರೆಯಬೇಕೋ ಅವರ ಹತ್ತಿರವೇ ಹೋಗಿ "ಸಾರ್, ಕಾಲು ಪುಟ ಶುಭಾಶಯ ಕೊಡಿ" ಅಂತ ಹಲ್ಲು ಗಿಂಜಬೇಕು. ಮಾರನೇ ದಿನ ಅವರ ರಸ್ತೆ ಕಾಮಗಾರಿ ಕಳಪೆ ಅಂತ ಹೇಗೆ ಬರೆಯೋದು? ಇದನ್ನು ಯಾವ ಎಂ.ಎ. ಪಠ್ಯದಲ್ಲಿ ಕಲಿಸುತ್ತಾರೆ? ಮಾಧ್ಯಮ ನೀತಿ ಅಂತ ಒಂದು ಪೇಪರ್ ಇದೆಯಂತೆ, ಅದನ್ನು ಪಾಠ ಮಾಡುವವರು ಒಂದು ದೀಪಾವಳಿ ನನ್ನ ಜೊತೆ ಓಡಾಡಲಿ.

ಗಂಗೋತ್ರಿ_ಹಳೇಬ್ಯಾಚ್
ಪತ್ರಕರ್ತರ ಸಂಬಳದ ಬಗ್ಗೆ ಮಜೀಠಿಯಾ ವೇತನ ಮಂಡಳಿ ಕೊಟ್ಟ ಶಿಫಾರಸನ್ನು 2014ರಲ್ಲೇ ಸುಪ್ರೀಂ ಕೋರ್ಟ್ ಎತ್ತಿ ಹಿಡಿದಿದೆಯಲ್ಲ.

ತಾಲ್ಲೂಕು_ಸುದ್ದಿಗಾರ
ಎತ್ತಿ ಹಿಡಿದದ್ದು ಇನ್ನೂ ಮೇಲೇ ಇದೆ ಸಾರ್, ನಮ್ಮ ತಾಲ್ಲೂಕಿಗೆ ಇಳಿದಿಲ್ಲ.

ಎರಡನೇ_ಸೆಮಿಸ್ಟರ್
ನಾನು ಈಗ ಎಂ.ಎ. ಓದುತ್ತಿದ್ದೇನೆ, ಸರ್ಕಾರಿ ವಿಶ್ವವಿದ್ಯಾಲಯ. ಯಾವುದು ಅಂತ ಹೇಳಲ್ಲ. ಕಾಯಂ ಅಧ್ಯಾಪಕರು ಇಬ್ಬರು, ಉಳಿದವರು ಅತಿಥಿ ಉಪನ್ಯಾಸಕರು. ಅವರ ಸಂಬಳ ತಡವಾದಾಗ ಪಾಠವೂ ತಡ. ಪುಸ್ತಕಗಳೆಲ್ಲ ಇಂಗ್ಲಿಷ್. ಕನ್ನಡದಲ್ಲಿ ಪರೀಕ್ಷೆ ಬರೆಯಬಹುದು, ಆದರೆ ನೋಟ್ಸ್ ನಾವೇ ಮಾಡಿಕೊಳ್ಳಬೇಕು. ಅಜೆಂಡಾ ಸೆಟ್ಟಿಂಗ್ ಅನ್ನೋ ಸಿದ್ಧಾಂತಕ್ಕೆ ನಮ್ಮ ಕ್ಲಾಸಿನಲ್ಲಿ ಮೂರು ಕನ್ನಡ ಪದ ಇವೆ. ಒಬ್ಬರು 'ಕಾರ್ಯಸೂಚಿ ನಿಗದಿ', ಇನ್ನೊಬ್ಬರು 'ವಿಷಯ ನಿರ್ಣಯ', ಮೂರನೆಯವರು ಇಂಗ್ಲಿಷನ್ನೇ ಕನ್ನಡ ಅಕ್ಷರದಲ್ಲಿ. ಯಾವುದಕ್ಕೆ ಮಾರ್ಕ್ಸ್ ಬರುತ್ತೆ ಅನ್ನೋದು ಪೇಪರ್ ಯಾರ ಕೈಗೆ ಹೋಗುತ್ತೆ ಅನ್ನೋದರ ಮೇಲೆ.

ಕಾಲೇಜು ಅಧ್ಯಾಪಕರಾಗೋಕೆ ಬರೆಯುವ ನೆಟ್ ಪರೀಕ್ಷೆಯ ಆಸೆ ಇದ್ದರೆ ಇದು ಗೊತ್ತಿರಲಿ. ನಮ್ಮ ವಿಷಯದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತೆ. ಅದರಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000. ಅದಕ್ಕಾಗಿ ನಾನು ಇಂಗ್ಲಿಷ್ ಹಲ್ಲು ಕಚ್ಚಿ ಓದುತ್ತಿದ್ದೇನೆ.

ಇಷ್ಟು ಬೈದ ಮೇಲೂ ಹೇಳುತ್ತೇನೆ, ನನಗೆ ಪಶ್ಚಾತ್ತಾಪ ಇಲ್ಲ. ವಿದ್ಯಾರ್ಥಿಗಳೇ ಹೊರತರುವ ಪ್ರಾಯೋಗಿಕ ಪತ್ರಿಕೆಗಾಗಿ ನಮ್ಮ ಹಾಸ್ಟೆಲ್ ನೀರಿನ ಟ್ಯಾಂಕ್ ಬಗ್ಗೆ ಬರೆದೆ. ಕೊನೆಯ ಸಲ ತೊಳೆದ ದಿನಾಂಕವನ್ನು ಟ್ಯಾಂಕಿನ ಗೋಡೆ ಮೇಲೆ ಬಣ್ಣದಲ್ಲಿ ಬರೆದಿದ್ದರು, 14 ತಿಂಗಳು ಹಳೆಯದು. ಫೋಟೋ ತೆಗೆದೆ. ವಾರ್ಡನ್ ಮೊದಲು ಬೈದರು. ಪತ್ರಿಕೆ ಬಂದಿದ್ದೇ 200 ಪ್ರತಿ. ಮೂರನೇ ದಿನ ಟ್ಯಾಂಕ್ ತೊಳೆದರು. ಹೊಸ ದಿನಾಂಕ ಹಾಕಿದರು. ಆ ದಿನ ಸ್ನಾನ ಮಾಡುವಾಗ ಎಷ್ಟು ಖುಷಿಯಾಯಿತು ಅಂದರೆ ಹೇಳೋಕಾಗಲ್ಲ.

ಪಿಆರ್_ಪುಟ್ಟಿ
ಈ ಹುಡುಗನಿಗೆ ಯಾರಾದರೂ ಕೆಲಸ ಕೊಡಿ ಮಾರಾಯ್ರೆ.

ಎರಡನೇ_ಸೆಮಿಸ್ಟರ್
ಹುಡುಗಿ 🙂

ಸ್ವಂತ_ಬುದ್ಧಿ
ಟ್ಯಾಂಕ್ ಬಗ್ಗೆ ಬರೆಯೋಕೆ ಎಂ.ಎ. ಬೇಕಾ? ಫೇಸ್‌ಬುಕ್ಕಿನಲ್ಲಿ ಹಾಕಿದ್ದರೆ ಅದೇ ದಿನ ತೊಳೆಯುತ್ತಿದ್ದರು. ಈ ಸಿದ್ಧಾಂತಗಳಿಂದ ಏನು ಉಪಯೋಗ, ಒಂದನ್ನಾದರೂ ಹೇಳಿ.

ಮಾಸ್ತರ_ಮಗ
ಹೇಳುತ್ತೇನೆ. ಆ ಅಜೆಂಡಾ ಸೆಟ್ಟಿಂಗನ್ನೇ ತಗೊಳ್ಳಿ. 1968ರ ಅಮೆರಿಕ ಚುನಾವಣೆ ಹೊತ್ತಿನಲ್ಲಿ ಚಾಪೆಲ್ ಹಿಲ್ ಅನ್ನೋ ಊರಿನಲ್ಲಿ ಮ್ಯಾಕೋಂಬ್ಸ್ ಮತ್ತು ಶಾ ಅಂತ ಇಬ್ಬರು, ಇನ್ನೂ ಮನಸ್ಸು ಗಟ್ಟಿ ಮಾಡಿರದ 100 ಮತದಾರರನ್ನು ಕೇಳಿದರು, ನಿಮಗೆ ಯಾವ ವಿಷಯ ಮುಖ್ಯ ಅಂತ. ಇತ್ತ ಪೇಪರ್, ಟಿವಿ ಯಾವುದಕ್ಕೆ ಜಾಸ್ತಿ ಜಾಗ ಕೊಟ್ಟಿವೆ ಅಂತ ಅಳೆದರು. ಎರಡೂ ಪಟ್ಟಿ ಹೆಚ್ಚುಕಮ್ಮಿ ಒಂದೇ. ಮಾಧ್ಯಮ ನಮ್ಮ ತಲೆಗೆ ಅಭಿಪ್ರಾಯ ತುಂಬುತ್ತೋ ಇಲ್ಲವೋ, ಯಾವುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕು ಅನ್ನೋದನ್ನಂತೂ ಹೇಳುತ್ತೆ.

ಈಗ ಈ ಹುಡುಗಿಯ ಊರಿಗೆ ಬನ್ನಿ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕಿತ್ತು ಹೋಯಿತು. ಎಲ್ಲ ಚಾನೆಲ್ ವ್ಯಾನ್‌ಗಳೂ ಡ್ಯಾಮಿನ ಹತ್ತಿರ. ತಾತ್ಕಾಲಿಕ ಗೇಟ್ ಕೂರಿಸಿದರು, ವ್ಯಾನ್‌ಗಳು ಹೊರಟವು. ಎಡದಂಡೆ ನಾಲೆಯ ಕೊನೆ ಭಾಗದವರಿಗೆ ನೀರು ಮುಟ್ಟುತ್ತಾ ಅನ್ನೋ ಪ್ರಶ್ನೆ ಗೇಟ್ ಹೋಗುವ ಮೊದಲೂ ಇತ್ತು, ಆಮೇಲೂ ಇದೆ. ಅದಕ್ಕೆ ವ್ಯಾನ್ ಬರಲ್ಲ. ಯಾಕೆ ಬರಲ್ಲ ಅಂತ ಕೇಳೋದಕ್ಕೆ ಆ ಸಿದ್ಧಾಂತ ಬೇಕು. ಫೇಸ್‌ಬುಕ್ಕಿನಲ್ಲಿ ಸಿಟ್ಟು ಬರುತ್ತೆ, ಪ್ರಶ್ನೆ ಹುಟ್ಟಲ್ಲ.

ಸ್ವಂತ_ಬುದ್ಧಿ
ಇದನ್ನು ನಮ್ಮ ಊರಿನ ಚಹಾ ಅಂಗಡಿಯವನೂ ಹೇಳುತ್ತಾನೆ.

ಮಾಸ್ತರ_ಮಗ
ಹೇಳುತ್ತಾನೆ. ಅಳೆದು ತೋರಿಸಲ್ಲ.

ಕಲಬುರ್ಗಿ_ಬಿಸಿಲು
ತಡವಾಗಿ ಬಂದೆ. ತಂಗಿ, ನಿಮಗೆ 'ಅಭಿವೃದ್ಧಿ ಸಂವಹನ' ಪೇಪರ್ ಇತ್ತಾ? ಅದರಲ್ಲಿ ಸೈಟ್ ಪ್ರಯೋಗ ಅಂತ ಬಂದಿರಬೇಕು.

ತುಂಗಭದ್ರೆ_ಹುಡುಗಿ
ಬಂದಿತ್ತು ಅಣ್ಣ. 1975-76, ಉಪಗ್ರಹದ ಮೂಲಕ ಶೈಕ್ಷಣಿಕ ಟಿವಿ, 6 ರಾಜ್ಯ, 2,400 ಹಳ್ಳಿ. ಎರಡು ಮಾರ್ಕಿನ ಪ್ರಶ್ನೆ.

ಕಲಬುರ್ಗಿ_ಬಿಸಿಲು
ಆ ಆರು ರಾಜ್ಯಗಳಲ್ಲಿ ಕರ್ನಾಟಕ ಒಂದು. ಕರ್ನಾಟಕದಲ್ಲಿ ಯಾವ ಜಿಲ್ಲೆ ಅಂತ ಹೇಳಿಕೊಟ್ಟರಾ?

ತುಂಗಭದ್ರೆ_ಹುಡುಗಿ
ಇಲ್ಲ.

ಕಲಬುರ್ಗಿ_ಬಿಸಿಲು
ಗುಲ್ಬರ್ಗಾ, ಬಿಜಾಪುರ, ರಾಯಚೂರು. ನಿಮ್ಮದೇ ಜಿಲ್ಲೆ ತಂಗಿ! ಬೆಂಗಳೂರಿಗೆ ಟಿವಿ ಬರುವ ಮೊದಲೇ ನಮ್ಮ ಬಿಸಿಲೂರಿನ ಹಳ್ಳಿಗಳಿಗೆ ಬಂದಿತ್ತು. ಅಮೆರಿಕದವರ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ತಂದಿದ್ದರು. ಶಾಲೆ, ಪಂಚಾಯ್ತಿ ಕಟ್ಟೆಯಲ್ಲಿ ಒಂದು ಟಿವಿ, ಮೇಲೆ ಹತ್ತು ಅಡಿ ಅಗಲದ ಜಾಲರಿ ಬುಟ್ಟಿ, ಕೋಳಿ ಗೂಡಿನ ತಂತಿ ಇರುತ್ತಲ್ಲ ಹಾಗೆ. ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು ಕುಣಿತ. 1976ರ ಜುಲೈ ಕೊನೆಗೆ ಮುಗಿಯಿತು, ಉಪಗ್ರಹ ವಾಪಸ್ ಹೋಯಿತು. ನಮ್ಮ ತಂದೆ ನೋಡಿದ್ದರು. ಟಿವಿ ಆರಿದ ಮೇಲೂ ಎಷ್ಟೋ ದಿನ ಜನ ಅದರ ಮುಂದೆ ಬಂದು ಕೂರುತ್ತಿದ್ದರಂತೆ.

ಆಗ ಅದನ್ನು ನೋಡಿದ ಯುವಕರಿಗೆ ಈಗ ಎಪ್ಪತ್ತು ದಾಟಿದೆ. ಮೈಸೂರು, ಧಾರವಾಡದಿಂದ ಯಾರೂ ಬಂದು ಅವರನ್ನು ಹುಡುಕಲ್ಲ. ಎಂ.ಎ.ಗೆ ಒಂದು ಕಿರುಪ್ರಬಂಧ ಇರುತ್ತೆ. ವಿಷಯ ನಿಮ್ಮ ಮನೆ ಕಟ್ಟೆ ಮೇಲೆ ಕೂತಿರಬಹುದು, ನೋಡಿ.

ಎರಡನೇ_ಸೆಮಿಸ್ಟರ್
ಅಯ್ಯೋ ಈ ವಿಷಯ ನನಗೆ ಬೇಕು. ನಮ್ಮವರೆಲ್ಲ 'ಯುವಜನರ ಮೇಲೆ ಸಾಮಾಜಿಕ ಜಾಲತಾಣಗಳ ಪರಿಣಾಮ' ಅಂತ ಮಾಡುತ್ತಿದ್ದಾರೆ. ಕ್ಲಾಸಿನಲ್ಲಿ ಒಂಬತ್ತು ಜನ, ಅದೇ ಶೀರ್ಷಿಕೆ, ತಾಲ್ಲೂಕಿನ ಹೆಸರು ಮಾತ್ರ ಬೇರೆ.

ಪಿಆರ್_ಪುಟ್ಟಿ
ನಮ್ಮ ಕಾಲದಲ್ಲಿ 'ಗೃಹಿಣಿಯರ ಮೇಲೆ ಧಾರಾವಾಹಿಗಳ ಪರಿಣಾಮ' ಇತ್ತು. ಪ್ರಶ್ನಾವಳಿಗಳನ್ನೆಲ್ಲ ನಾವೇ ಹಾಸ್ಟೆಲ್ಲಿನಲ್ಲಿ ಕೂತು ತುಂಬಿದ್ದು, ಬೇರೆ ಬೇರೆ ಬಣ್ಣದ ಪೆನ್ನಿನಲ್ಲಿ. ದೇವರು ಕ್ಷಮಿಸಲಿ.

ಬೈಕ್_ಮೇಲೆ_ಪ್ರೆಸ್
ಎಲ್ಲಾ ಸರಿ, ಹೊಟ್ಟೆಗೆ? ಕಿರುಪ್ರಬಂಧ ತಿನ್ನೋಕಾಗಲ್ಲ. ಬಿ.ಇಡಿ. ಮಾಡಿದರೆ ಖಾಸಗಿ ಶಾಲೆಯಾದರೂ ಸಿಗುತ್ತೆ.

ಡೆಸ್ಕ್_ಮಾಮ
ಅದೂ ಸುಳ್ಳಲ್ಲ. ನನ್ನ ಸಲಹೆ ಕೇಳಿದರೆ, ದುಡ್ಡು ಸುರಿದು ಖಾಸಗಿ ಕಡೆ ಹೋಗಬೇಡಿ. ಅಲ್ಲಿ ಸ್ಟುಡಿಯೋ ಚೆನ್ನಾಗಿರುತ್ತೆ, ಫೀಸು ಲಕ್ಷದ ಲೆಕ್ಕ. ಸಾಲ ಮಾಡಿ ಓದಿ 15 ಸಾವಿರದ ಕೆಲಸಕ್ಕೆ ಬರೋದು ಲೆಕ್ಕಕ್ಕೆ ಕೂರಲ್ಲ. ಕಲಬುರ್ಗಿ, ಧಾರವಾಡ ನೋಡಿ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲೂ ಈ ವಿಷಯ ಇದೆ, ಹೆಣ್ಣುಮಕ್ಕಳದ್ದೇ ಅಂದರೆ ನಿಮ್ಮ ಅಪ್ಪನೂ ಸ್ವಲ್ಪ ಮೆತ್ತಗಾಗಬಹುದು. ರಜೆಯಲ್ಲಿ ಕನ್ನಡ ಟೈಪಿಂಗಿನ 'ನುಡಿ' ಕೀಲಿಮಣೆ ಕಲಿತುಬಿಡಿ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವವರಿಗೆ ಡೆಸ್ಕಿನಲ್ಲಿ ಮೊದಲ ವಾರ ನರಕ.

ತಾಲ್ಲೂಕು_ಸುದ್ದಿಗಾರ
ಹೌದು, ನುಡಿ ಕಲಿಯಿರಿ. ಪಂಚಾಯ್ತಿ ಸಭೆಗೂ ಹೋಗಿ. ಕೈ ನಡುಗಿದರೆ ನಡುಗಲಿ. ನನಗೂ ನಡುಗುತ್ತಿತ್ತು. ಸಭೆ ನಡಾವಳಿ ಪುಸ್ತಕ ತೋರಿಸಿ ಅಂತ ಕೇಳಿ, ಕೊಡದಿದ್ದರೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ, ಹತ್ತೇ ರೂಪಾಯಿ. ಅದಕ್ಕೆ ಯಾವ ಡಿಗ್ರಿಯೂ ಬೇಡ.

ತುಂಗಭದ್ರೆ_ಹುಡುಗಿ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟದ ಹೊತ್ತಿಗೆ ನಮ್ಮ ಅಜ್ಜನನ್ನು ಕೇಳಿದೆ. ಅಜ್ಜನಿಗೆ 74. "ಅಜ್ಜಾ, ಎಮರ್ಜೆನ್ಸಿ ಟೈಮಿನಾಗ ನಮ್ಮ ಕಡೆ ಟಿವಿ ಬಂದಿತ್ತಂತೆ, ನೋಡೀಯೇನು?" ಅಂದೆ. ಕೈಯಲ್ಲಿದ್ದ ರೊಟ್ಟಿ ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದರು. "ನಿನಗ್ಯಾರ ಹೇಳಿದ್ರು?" ಅಂದರು.

ನಮ್ಮೂರಿಗೆ ಬಂದಿರಲಿಲ್ಲವಂತೆ. ಮೂರು ಮೈಲಿ ಆಚೆಯ ಊರಿನ ಶಾಲೆಯಲ್ಲಿ ಇತ್ತಂತೆ. ಇವರು ನಾಲ್ಕೈದು ಗೆಳೆಯರು ಸಂಜೆ ನಡೆದುಕೊಂಡು ಹೋಗುತ್ತಿದ್ದರಂತೆ. ಹಾಡು, ಕುಣಿತ ಬಂದರೆ ಮುಂದೆ ಹೋಗಿ ಕೂರೋದು, ಗೊಬ್ಬರದ ಮಾತು ಬಂದರೆ ಬೀಡಿ ಸೇದೋಕೆ ಹೊರಗೆ. ಹೆಣ್ಣುಮಕ್ಕಳು ಬರುತ್ತಿದ್ದರಾ ಅಂತ ಕೇಳಿದೆ. ಕುಟುಂಬ ಯೋಜನೆ ತೋರಿಸಿದ ದಿನದಿಂದ ಬರೋದು ನಿಲ್ಲಿಸಿದರು ಅಂದರು. ಅಜ್ಜಿ ಒಳಗಿನಿಂದ, "ನಿಲ್ಲಿಸಿದ್ದು ನಾವಲ್ಲ, ನೀವ ನಿಲ್ಲಿಸಿದ್ರಿ" ಅಂದಳು. ಅಲ್ಲಿಗೆ ಇಬ್ಬರಿಗೂ ಜಗಳ ಶುರುವಾಯಿತು. ಅಪ್ಪ ಊಟ ಬಿಟ್ಟು ಕೇಳುತ್ತಾ ಕೂತಿದ್ದರು. ಅವರಿಗೂ ಇದು ಗೊತ್ತಿರಲಿಲ್ಲ.

ಮಾಸ್ತರ_ಮಗ
ಯಪ್ಪಾ. ಎರಡು ಮಾರ್ಕಿನ ಪ್ರಶ್ನೆ ಅಂತೆ.

ಕಲಬುರ್ಗಿ_ಬಿಸಿಲು
ಅಜ್ಜಿ ಹೇಳಿದ್ದೇ ವಿಷಯ. ಅಜ್ಜನನ್ನು ಬಿಡಿ, ಅಜ್ಜಿಯನ್ನು ಹಿಡಿಯಿರಿ.

ಡೆಸ್ಕ್_ಮಾಮ
ರೆಕಾರ್ಡ್ ಮಾಡಿಕೊಂಡ್ಯಾ?

ತುಂಗಭದ್ರೆ_ಹುಡುಗಿ
ಇಲ್ಲ ಸಾರ್, ಊಟ ಮಾಡುತ್ತಿದ್ದೆ.

ಡೆಸ್ಕ್_ಮಾಮ
ಇವತ್ತೇ ಮಾಡು. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳು, ಒಟ್ಟಿಗೆ ಕೂರಿಸಿದರೆ ಅಜ್ಜನೇ ಮಾತಾಡುತ್ತಾರೆ. ಮೊದಲು ಹೆಸರು, ವಯಸ್ಸು, ಊರು.

ತುಂಗಭದ್ರೆ_ಹುಡುಗಿ
ಅಜ್ಜಿಯ ವಯಸ್ಸು ಅಜ್ಜಿಗೇ ಗೊತ್ತಿಲ್ಲ ಸಾರ್.

ಕರಾವಳಿ_ಕಾಗೆ
'ತೀರಿಕೊಂಡರು' ವಿಷಯ ಇನ್ನೂ ಇತ್ಯರ್ಥ ಆಗಿಲ್ಲ, ಯಾರೂ ಹೋಗಬೇಡಿ.